ಅಬು ಕೀರ್ ಕೊಲ್ಲಿ ಮತ್ತು ನಮ್ಮ ಮನೆಯ ಹಗೇವು

"ಬಂಗಾರ ಸಿಕ್ತನು?"

ಅವ್ವ ಮೊದಲು ಕೇಳಿದ್ದು ಇದನ್ನೇ. ಟಿವಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಹೆಸರು ಬಂದರೆ ಸಾಕು, ಬಾಗಲಕೋಟೆ ನವನಗರದಿಂದ ಫೋನ್ ಬರುತ್ತದೆ. ಮಗ ಇರುವ ಊರಲ್ಲವೆ. ಅವತ್ತು 2025ರ ಆಗಸ್ಟ್ 21. ನಮ್ಮ ಮನೆಯಿಂದ ಪೂರ್ವಕ್ಕೆ ಹೋದರೆ ಸಿಗುವ ಅಬು ಕೀರ್ ಕೊಲ್ಲಿಯಲ್ಲಿ ಕ್ರೇನ್ ಹಚ್ಚಿ ಮೂರು ಮೂರ್ತಿಗಳನ್ನು ಸಮುದ್ರದಿಂದ ಎತ್ತಿದ್ದರು. ರಾಮ್ಸೆಸ್ ದೊರೆಯ ಹೆಸರು ಕೊರೆದ ಒಂದು ಸ್ಫಿಂಕ್ಸ್, ಗ್ರಾನೈಟಿನದೊಂದು, ರೋಮನ್ ಗಣ್ಯನೊಬ್ಬನ ಬಿಳಿ ಅಮೃತಶಿಲೆಯದೊಂದು. ದಂಡೆಯಲ್ಲಿ ಮುಳುಗುಗಾರರು ಚಪ್ಪಾಳೆ ಹೊಡೆಯುತ್ತಿದ್ದರು.

"ಬಂಗಾರ ಅಲ್ಲವ್ವ, ಕಲ್ಲು."

"ಕಲ್ಲಿಗೆ ಇಷ್ಟ್ ಗದ್ಲ ಮಾಡ್ಯಾರ?"

ಐಹೊಳೆ ಮಗ್ಗುಲಿನ ಹಳ್ಳಿಯಲ್ಲಿ ಹುಟ್ಟಿದವಳಿಗೆ ಕಲ್ಲಿನ ಬಗ್ಗೆ ಏನು ಹೇಳುವುದು? ಚಾಲುಕ್ಯರು ಹೋದ ಮೇಲೆ ಅವರ ಗುಡಿಗಳಲ್ಲಿ ಜನ ಸಂಸಾರ ಹೂಡಿದ್ದರು. ಒಂದು ಗುಡಿಗಂತೂ ಅದರಲ್ಲಿ ವಾಸವಿದ್ದ ಲಾಡಖಾನನ ಹೆಸರೇ ನಿಂತುಬಿಟ್ಟಿದೆ. ರಾಜ್ಯ ಹೋದರೂ ಆಡು ಕಟ್ಟಲು ಕಂಬ ಉಳಿದರೆ ನಮ್ಮ ಕಡೆಯವರಿಗೆ ಅಷ್ಟೇ ಸಾಕು.

ಆದರೂ ಅವತ್ತು ರಾತ್ರಿ ಅವ್ವನಿಗೆ ಪೂರ್ತಿ ಕಥೆ ಹೇಳಿದೆ. ಇಲ್ಲಿಗೆ ಬಂದು ಆರು ವರ್ಷ. ಕಾರ್ಖಾನೆ, ಮನೆ, ಸಂಜೆ ಸಮುದ್ರದ ದಂಡೆ, ಶುಕ್ರವಾರ ಬೆಳಿಗ್ಗೆ ಫೂಲ್ ಅನ್ನುವ ಕಾಳಿನ ಪಲ್ಯ ಮತ್ತು ಹಸಿ ಉಳ್ಳಾಗಡ್ಡಿ (ಉಳ್ಳಾಗಡ್ಡಿ ಗುದ್ದಿ ತಿನ್ನುವ ಜನ ನಾವೊಬ್ಬರೇ ಅಲ್ಲ ಅಂತ ಗೊತ್ತಾದದ್ದು ಇಲ್ಲಿಯೇ). ಇದರ ನಡುವೆ ನನಗೆ ಹತ್ತಿದ ಹುಚ್ಚು ಅಂದರೆ ಆ ಕೊಲ್ಲಿಯೊಳಗಿನ ಊರು.

ಅಲೆಕ್ಸಾಂಡರ್ ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡ್ರಿಯಾ ಕಟ್ಟಿಸುವ ಮುಂಚೆ, ಗ್ರೀಕರ ಹಡಗುಗಳು ಈಜಿಪ್ಟಿಗೆ ಬರುತ್ತಿದ್ದದ್ದು ನೈಲ್ ನದಿ ಸಮುದ್ರ ಸೇರುವಲ್ಲಿದ್ದ ಇನ್ನೊಂದು ಬಂದರಿಗೆ. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಅದರ ಬಗ್ಗೆ ಬರೆದಿದ್ದ. ಬರೆದದ್ದು ಉಳಿಯಿತು, ಊರು ಮಾತ್ರ ಕಾಣೆಯಾಯಿತು. ಫ್ರಾನ್ಸಿನ ಫ್ರಾಂಕ್ ಗೊಡಿಯೊ ತಂಡದವರು ಈಜಿಪ್ಟಿನ ಪುರಾತತ್ವದವರ ಜೊತೆ ವರ್ಷಗಟ್ಟಲೆ ಕೊಲ್ಲಿಯ ತಳವನ್ನು ಯಂತ್ರಗಳಿಂದ ತಡಕಾಡಿ, 2000ದಲ್ಲಿ ಅದನ್ನು ಪತ್ತೆ ಹಚ್ಚಿದರು. ಈಗಿನ ದಂಡೆಯಿಂದ ಆರೂವರೆ ಕಿಲೋಮೀಟರ್ ಒಳಗೆ, ಬರೀ ಹತ್ತು ಮೀಟರ್ ಆಳದಲ್ಲಿ. ನಮ್ಮೂರ ಭಾವಿಗಳೂ ಅದಕ್ಕಿಂತ ಆಳ ಇರುತ್ತವೆ! ಆದರೆ ನೀರು ರಾಡಿ, ಮೇಲೆ ಕೆಸರಿನ ಹೊದಿಕೆ. ಸಾವಿರಕ್ಕೂ ಹೆಚ್ಚು ವರ್ಷ ಮೀನುಗಾರರು ಅದರ ನೆತ್ತಿಯ ಮೇಲೆಯೇ ಬಲೆ ಬೀಸಿದ್ದರು.

ಯಾಕೆ ಮುಳುಗಿತು ಅಂದರೆ, ಊರು ನಿಂತದ್ದು ನೈಲ್ ತಂದು ಹಾಕಿದ ಜೇಡಿಮಣ್ಣಿನ ಮೇಲೆ. ಮೇಲೆ ಭಾರದ ಕಲ್ಲಿನ ಗುಡಿ. ನೆಲ ನಡುಗಿದಾಗ ನೀರು ಕುಡಿದ ಮಣ್ಣು ಅಂಬಲಿಯಂತೆ ಸಡಿಲಾಗಿ, ಗುಡಿ ನಿಂತಲ್ಲೇ ಕುಸಿಯಿತು. ದೊಡ್ಡ ಗುಡಿ ಬಿದ್ದದ್ದು ಕ್ರಿ.ಪೂ. ಎರಡನೇ ಶತಮಾನದ ಕೊನೆಗೆ, ಅಳಿದುಳಿದದ್ದು ಮುಳುಗಿದ್ದು ಕ್ರಿ.ಶ. ಎಂಟನೇ ಶತಮಾನದ ಹೊತ್ತಿಗೆ. ಎರಿ ಭೂಮಿಯಲ್ಲಿ ಮನೆ ಕಟ್ಟಿ, ಪ್ರತಿ ಬೇಸಿಗೆ ಗೋಡೆಯ ಬಿರುಕು ಎಣಿಸುವವರಿಗೆ ಈ ಮಾತು ಬೇಗ ತಿಳಿಯುತ್ತದೆ.

ನನ್ನನ್ನು ಹಿಡಿದದ್ದು ಹೆಸರಿನ ಕಥೆ. ಗ್ರೀಕರು ಹೆರಾಕ್ಲಿಯೋನ್ ಅನ್ನುವ ಊರಿನ ಬಗ್ಗೆ ಹೇಳುತ್ತಾರೆ, ಈಜಿಪ್ಟಿನ ಬರಹಗಳಲ್ಲಿ ಥೋನಿಸ್ ಅನ್ನುವ ಊರು ಬರುತ್ತದೆ. ಎರಡೂ ಬೇರೆ ಬೇರೆ ಅಂತಲೇ ಬಹಳ ಜನ ತಿಳಿದಿದ್ದರು. ಆಮೇಲೆ ನೀರೊಳಗೆ ಆಳೆತ್ತರದ ಕಪ್ಪು ಕಲ್ಲಿನ ಶಾಸನ ಸಿಕ್ಕಿತು, ಅಕ್ಷರ ಒಂದೂ ಮುಕ್ಕಾಗದೆ. ಕ್ರಿ.ಪೂ. 380ರ ನೆಕ್ಟನೆಬೊ ದೊರೆಯದು. ಗ್ರೀಕರ ಸಮುದ್ರದಿಂದ ಬರುವ ಸರಕಿನ ಸುಂಕದಲ್ಲಿ ಹತ್ತರಲ್ಲಿ ಒಂದು ಪಾಲು ನೀತ್ ದೇವತೆಯ ಗುಡಿಗೆ ಸಲ್ಲಬೇಕು ಎಂಬ ಆಜ್ಞೆ. ಅದನ್ನು ನಿಲ್ಲಿಸಬೇಕಾದ ಊರಿನ ಹೆಸರೂ ಅದರಲ್ಲೇ ಇತ್ತು: ಥೋನಿಸ್. ಕಲ್ಲು ಸಿಕ್ಕದ್ದು ಹೆರಾಕ್ಲಿಯೋನಿನ ಗುಡಿಯಲ್ಲಿ. ಊರು ಒಂದೇ, ಹೆಸರು ಎರಡು.

ನಮ್ಮದು ಇದಕ್ಕೆ ಉಲ್ಟಾ. ಹೆಸರು ಒಂದು, ಊರು ಎರಡು. ಹಳೇ ಬಾಗಲಕೋಟೆ, ನವನಗರ.

ಇಲ್ಲಿ ಆ ಊರು ನೀರಿನಿಂದ ಹೊರಗೆ ಬರುತ್ತಿದ್ದ ಆಸುಪಾಸಿನಲ್ಲೇ ಅಲ್ಲಿ ಬಾಗಲಕೋಟೆಯಲ್ಲಿ ನಮ್ಮ ಓಣಿ ನೀರೊಳಗೆ ಹೋಗುತ್ತಿತ್ತು. ಆಲಮಟ್ಟಿಯಲ್ಲಿ ಕೃಷ್ಣೆಯನ್ನು ನಿಲ್ಲಿಸಿದರೆ ಹಿನ್ನೀರು ಘಟಪ್ರಭೆಯಗುಂಟ ಹಿಂದಕ್ಕೆ ಸರಿದು ನಮ್ಮ ಹಿತ್ತಲಿಗೆ ಬರುತ್ತದೆ ಅಂತ ದೊಡ್ಡವರು ವರ್ಷಾನುಗಟ್ಟಲೆ ಮಾತಾಡುತ್ತಿದ್ದರು. ನಾನು ಆರನೇತ್ತೆಯಲ್ಲಿದ್ದೆ. 'ಮುಳುಗಡೆ' ಅನ್ನುವುದು ನಮಗೆ ಲಗ್ನ, ಸುಗ್ಗಿ ಇದ್ದ ಹಾಗೆ ದಿನದ ಮಾತು. ಮುಳುಗಡೆ ರೊಕ್ಕ, ಮುಳುಗಡೆ ಮನಿ. ಹೆಣ್ಣು ಕೊಡುವವರೂ "ನಿಮ್ದು ಮುಳುಗಡೆ ಐತೇನ್ರೀ?" ಅಂತ ಕೇಳುತ್ತಿದ್ದರು. ರೊಕ್ಕ ಬರುವ ಮನೆ ಅಂತ.

ಥೋನಿಸಿನವರಿಗೆ ಯಾರೂ ನೋಟಿಸು ಕೊಟ್ಟಿರಲಿಲ್ಲ. ನಮಗೆ ಕೊಟ್ಟಿದ್ದರು. ಅದರ ಪರಿಣಾಮ ಏನು ಅಂದರೆ, ನಾಳೆ ಯಾವನಾದರೂ ಗೊಡಿಯೊ ನಮ್ಮ ಹಿನ್ನೀರಿಗೆ ಧುಮುಕಿದರೆ ಅವನ ಕೈಗೆ ಏನೂ ಹತ್ತುವುದಿಲ್ಲ. ಅಪ್ಪ ಮನೆಯನ್ನು ಒಂದೊಂದೇ ಸಾಮಾನಾಗಿ ಬಿಚ್ಚಿದ. ಸಾಗವಾನಿ ಕಂಬ, ತೊಲೆ, ಜಂತಿ, ಚೌಕಟ್ಟು, ಕಿಟಕಿಯ ಸಳಿ. ಹೊಸ್ತಿಲನ್ನು ಅರಿಶಿನ ಕುಂಕುಮ ಹಚ್ಚಿ ಎಬ್ಬಿಸಿದರು. ಎರಡು ಟ್ರ್ಯಾಕ್ಟರಿನಲ್ಲಿ ಮನೆ ನವನಗರದ ಸೆಕ್ಟರಿಗೆ ಹೋಯಿತು. ಉಳಿದದ್ದು ಮಣ್ಣಿನ ಗೋಡೆ, ಅಡುಗೆಮನೆಯ ನೆಲದಲ್ಲಿ ಹೂತಿದ್ದ ಒಳ್ಳು, ಪಡಸಾಲೆಯ ಹಗೇವು. ಜೋಳ ತುಂಬುವ ಆ ಕುಣಿಯನ್ನು ಹೇಗೆ ಹೊತ್ತುಕೊಂಡು ಹೋಗುವುದು?

ಹಾಗೆ ನೋಡಿದರೆ ಅಬು ಕೀರಿನಲ್ಲಿ ಸಿಕ್ಕಿದ್ದೂ ಹೊರಲಾಗದೆ, ಹೊರಲು ಪುರಸೊತ್ತಿಲ್ಲದೆ ಬಿಟ್ಟದ್ದೇ. ಏಳು ನೂರಕ್ಕೂ ಹೆಚ್ಚು ಲಂಗರುಗಳು, ಎಪ್ಪತ್ತಕ್ಕೂ ಹೆಚ್ಚು ಹಡಗುಗಳು. ಬಂಗಾರದ ಒಡವೆಯೂ ಸಿಕ್ಕಿದೆ, ಅವ್ವನಿಗೆ ಅದನ್ನು ತಡವಾಗಿ ಹೇಳಿದೆ. ಆದರೆ ಇಲ್ಲಿಯ ವಸ್ತುಸಂಗ್ರಹಾಲಯಕ್ಕೆ ಹೋದಾಗಲೆಲ್ಲ ನಾನು ನಿಲ್ಲುವುದು ಸಣ್ಣ ಸಾಮಾನಿನ ಗಾಜಿನ ಮುಂದೆ. ಗುಡಿಯ ಪೂಜೆಯಲ್ಲಿ ಬಳಸುತ್ತಿದ್ದ, ಉದ್ದ ಹಿಡಿಕೆಯ ಕಂಚಿನ ಸೌಟುಗಳು ಕಾಲುವೆಯ ತಳದಲ್ಲಿ ಬಹಳಷ್ಟು ಸಿಕ್ಕಿವೆ. ಬೇಕಂತಲೇ ನೀರಿಗೆ ಬಿಟ್ಟ ಹರಕೆ ಅಂತಾರೆ. ನಾವೂ ಸಂಗಮದಲ್ಲಿ ನಾಣ್ಯ ಎಸೆಯುವುದಿಲ್ಲವೆ.

ಇನ್ನೊಂದು ತಮಾಷೆ. ಅಲ್ಲಿ ಸಿಕ್ಕ ದೊಡ್ಡ ಮೂರ್ತಿ ಹಾಪಿಯದು: 5.4 ಮೀಟರ್ ಎತ್ತರ, ಆರು ಟನ್ ಭಾರದ ಕೆಂಪು ಗ್ರಾನೈಟ್, ತುಂಡು ತುಂಡಾಗಿ ಬಿದ್ದಿತ್ತು. ಹಾಪಿ ಅಂದರೆ ನೈಲ್ ನದಿಯ ನೆರೆಯ ದೇವರು. ನೆರೆಯನ್ನು ತರುವವನೇ ಮುಳುಗಿ ಮಲಗಿದ್ದ. ಇದನ್ನು ಕೇಳಿ ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ಬಾಗಿನ ಕಮ್ಮಿ ಬಿದ್ದಿರಬೇಕ."

ಎಲ್ಲವನ್ನೂ ಮೇಲೆತ್ತುವುದಿಲ್ಲ ಇವರು. ಕೆಳಗೆ ಬೇಕಾದಷ್ಟಿದೆ, ಆಯ್ದ ಕೆಲವನ್ನು ಮಾತ್ರ ತರುತ್ತೇವೆ ಎಂದು ಇಲ್ಲಿಯ ಮಂತ್ರಿಗಳೂ ಅವತ್ತು ಹೇಳಿದರು. ನನಗೆ ಅದು ಸರಿ ಅನ್ನಿಸುತ್ತದೆ. ಕೂಡಲಸಂಗಮದಲ್ಲಿ ನಾರಾಯಣಪುರ ಅಣೆಕಟ್ಟಿನ ಬಸವಸಾಗರದ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯಲಿಂಗವನ್ನು ಕಿತ್ತು ದಂಡೆಗೆ ತರಲಿಲ್ಲ. ಸುತ್ತ ಭಾವಿಯಂತೆ ಗೋಡೆ ಎಬ್ಬಿಸಿದರು, ನಾವು ಮೆಟ್ಟಿಲಿಳಿದು ಹೋಗುತ್ತೇವೆ. ನೈಲಿಗೆ ಕಟ್ಟಿದ ಆಸ್ವಾನ್ ಅಣೆಕಟ್ಟಿನ ಹಿನ್ನೀರಿನಿಂದ ಉಳಿಸಲು ಈಜಿಪ್ಟಿನವರು ಅಬು ಸಿಂಬೆಲ್ ಗುಡಿಗಳನ್ನು 1964ರಿಂದ 68ರವರೆಗೆ ಗರಗಸದಿಂದ ಕೊಯ್ದು 65 ಮೀಟರ್ ಮೇಲಕ್ಕೆ ಒಯ್ದು ಕೂಡಿಸಿದರು. ಅದನ್ನು ನೋಡಲು ಇಡೀ ಜಗತ್ತು ಬರುತ್ತದೆ. ಅದೇ ಆಸ್ವಾನ್ ಅಣೆಕಟ್ಟಿಗಾಗಿ 1963–64ರಲ್ಲಿ ಎಬ್ಬಿಸಿದ ದಕ್ಷಿಣ ಈಜಿಪ್ಟಿನ ಸುಮಾರು 50,000 ನೂಬಿಯನ್ ಜನರ ಊರುಗಳನ್ನು ಕೇಳುವವರು ಕಡಿಮೆ.

ಅವರಲ್ಲಿ ಒಬ್ಬರು ನಮ್ಮ ಕಟ್ಟಡದ ಬಾಗಿಲು ಕಾಯುತ್ತಾರೆ. ಕಾಕಾಗೆ ಇಲ್ಲಿ 'ಅಮ್' ಅಂತಾರೆ. ನಾನು "ಯಾ ಅಮ್" ಅಂದಾಗಲೆಲ್ಲ, ಇಷ್ಟು ದೊಡ್ಡ ಮೀಸೆಯವರಿಗೆ ಅಮ್ಮ ಅಂತೀರಲ್ಲ ಎಂದು ನನ್ನ ಹೆಂಡತಿ ನಗುತ್ತಾಳೆ. ಊರು ಬಿಟ್ಟಾಗ ಅವರಿಗೆ ಐದು ವರ್ಷವಂತೆ. ಬಾಗಿಲ ಮೇಲಿನ ಗೋಡೆಯಲ್ಲಿ ಕೂಡಿಸಿದ್ದ ಪಿಂಗಾಣಿ ತಟ್ಟೆಗಳನ್ನು ಅವರ ತಾಯಿ ಕೀಳಲು ಹೋಗಿ ಎರಡನ್ನು ಒಡೆದುಕೊಂಡದ್ದು ಇನ್ನೂ ನೆನಪಿದೆ.

ಮೊನ್ನೆ ಅವ್ವ ವಿಡಿಯೋ ಕಾಲ್‌ನಲ್ಲಿದ್ದಾಗ ಅವರ ಪಕ್ಕದಲ್ಲೇ ಕೂತಿದ್ದೆ. ಚಹಾ ಕುಡಿಯುತ್ತಿದ್ದರು. ಇವರದೂ ಮುಳುಗಡೆ ಅಂದೆ. ಅವ್ವ ಸೆರಗು ಸರಿಮಾಡಿಕೊಂಡು ನೇರ ಕೇಳಿದಳು. "ಕೇಳಪಾ, ಅವ್ರು ಬಾಗ್ಲಾ ತಂದ್ರನು?"

ನನ್ನ ಹರಕು ಅರಬ್ಬಿಯಲ್ಲಿ ಕೇಳಿದೆ. ಇಲ್ಲ, ಅಂದರು. ತಾಯಿ ಬಾಗಿಲಿಗೆ ಕೀಲಿ ಹಾಕಿದಳು, ಮರದ ಕೀಲಿಕೈ ಸಂಗಡ ತಂದಳು, ಸಾಯುವ ತನಕ ದಿಂಬಿನ ಕೆಳಗೆ ಇತ್ತು.

ಅವ್ವನಿಗೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಫೋನು ಕಟ್ಟಾಯಿತೇನೋ ಅಂದುಕೊಂಡೆ.

"ನಮ್ದು ಬಾಗ್ಲಾನ ಇರ್ಲಿಲ್ಲಲ್ಲೋ ತಮ್ಮಾ. ನಿಮ್ಮಪ್ಪ ಕಿತ್ತಿಟ್ಟಿದ್ದ. ನಾ ಕಸಾ ಹೊಡದು, ಸಾರಿಸಿ ಬಂದೆ. ಆದ್ರ ಹಗೇವಿನ ಬಾಯಿ ಮುಚ್ಚಿದ್ನೋ ಇಲ್ಲೋ, ಇನ್ನೂ ನೆನಪಾಗವಲ್ದು. ಬ್ಯಾಸಿಗ್ಯಾಗ ನೀರು ಇಳದಾಗ ಅಲ್ಲಿ ಆಡು ಮೇಯಾಕ ಬಿಡ್ತಾರ. ಮುಂದಿನ ಸಲ ಬಂದಾಗ ಒಂದ್ ಸಲ ಹೋಗಿ ನೋಡ್ಕೊಂಡ್ ಬಾ."