ಈ ಸಂಖ್ಯೆ ಇಲ್ಲಿಗೆ ಬಂದದ್ದು ಹೇಗೆ?

ನನ್ನ ಮಾನಿಟರಿನ ಅಂಚಿಗೆ ಒಂದು ಚೀಟಿ ಅಂಟಿಸಿದ್ದೆ. ಅದರಲ್ಲಿ 6, 8, 2, 7, 5, 1, 9, 4, 3, 0 ಅಂತ ಬರೆದಿತ್ತು. ಕೆಳಗೆ ಒಂದೇ ಪ್ರಶ್ನೆ: ‘ಯಾಕೆ ಈ ಕ್ರಮ?’ ನಮ್ಮದು ಅಕೌಂಟ್ಸ್ ವಿಭಾಗ. ಬಂದವರೆಲ್ಲ ಕೂಡಿದರು, ಕಳೆದರು, ಪಕ್ಕಪಕ್ಕದ ಅಂಕಿಗಳ ವ್ಯತ್ಯಾಸ ಬರೆದುಕೊಂಡರು. ಎರಡು ತಿಂಗಳು ಯಾರಿಗೂ ಹೊಳೆಯಲಿಲ್ಲ.

ಲೆಕ್ಕ ಬರೆಯುವವರಿಗೆ ಇಂಥ ಒಗಟು ಸುಲಭ ಅಂತ ಜನ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ನಾವೇ ಜಾಸ್ತಿ ಒದ್ದಾಡುತ್ತೇವೆ. ಸಂಖ್ಯೆ ಕಂಡ ತಕ್ಷಣ ಕೈ ಕ್ಯಾಲ್ಕುಲೇಟರಿಗೆ ಹೋಗುತ್ತದೆ. 8809 ಅಂದರೆ 6, 7111 ಅಂದರೆ 0, 6666 ಅಂದರೆ 4, ಹಾಗಾದರೆ 2581 ಅಂದರೆ ಎಷ್ಟು ಎಂಬ ಹಳೇ ಒಗಟು ನಿಮಗೂ ಗೊತ್ತಿರಬಹುದು. ಅದರ ಮುಂದೆ ನಾನು ಅರ್ಧ ಗಂಟೆ ಕೂತಿದ್ದೆ. ಅಲ್ಲಿ ಲೆಕ್ಕವೇ ಇಲ್ಲ. ಅಂಕಿಯ ಆಕಾರದಲ್ಲಿ ಎಷ್ಟು ತೂತು ಇವೆ ಅಂತ ಎಣಿಸಬೇಕು. 8ರಲ್ಲಿ ಎರಡು; 0, 6, 9ರಲ್ಲಿ ಒಂದೊಂದು. ಹಾಗಾಗಿ 2581ಕ್ಕೆ ಉತ್ತರ 2. (ಇದನ್ನೇ ಕನ್ನಡ ಅಂಕಿಯಲ್ಲಿ ಬರೆದುಕೊಟ್ಟರೆ ಒಗಟು ಕೆಟ್ಟೇ ಹೋಗುತ್ತದೆ. ಆಕಾರವೇ ಬೇರೆ ಆಯಿತಲ್ಲ.)

ಕಾರು ನಿಲ್ಲಿಸುವ ಜಾಗದ ಒಗಟೂ ಇದೇ ಜಾತಿ. 16, 06, 68, 88, ಆಮೇಲೆ ಒಂದು ಕಾರು, ಆಮೇಲೆ 98. ಕಾರಿನ ಅಡಿಯಲ್ಲಿರುವ ಸಂಖ್ಯೆ ಯಾವುದು? ಚಿತ್ರ ತಲೆಕೆಳಗಾಗಿ ತಿರುಗಿಸಿ ಹಿಡಿದರೆ 86, 87, 88, 89, 90, 91 ಅಂತ ಸುಮ್ನೆ ಸಾಲಾಗಿ ಹೋಗುತ್ತದೆ. ಉತ್ತರ 87. ಬರೆದವನು ನಿಂತದ್ದು ಆ ಕಡೆ, ನಾವು ನೋಡುತ್ತಿರುವುದು ಈ ಕಡೆ, ಅಷ್ಟೇ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ಬುದ್ಧಿಯನ್ನು ನನಗೆ ಕಲಿಸಿದ್ದು ಒಬ್ಬ ಹಿರಿಯ ಸಹೋದ್ಯೋಗಿ. ಅವರಿಗೆ ಒಗಟು ಗಿಗಟು ಏನೂ ಹಿಡಿಸುತ್ತಿರಲಿಲ್ಲ. ಒಬ್ಬ ಸಪ್ಲೈಯರ್ ಕಳಿಸಿದ ಸ್ಟೇಟ್‌ಮೆಂಟ್‌ಗೂ ನಮ್ಮ ಲೆಡ್ಜರಿಗೂ ಟ್ಯಾಲಿ ಆಗುತ್ತಿರಲಿಲ್ಲ. ನಮ್ಮಲ್ಲಿ 540 ಕಡಿಮೆ. ಅವರು ಕಳಿಸಿದ್ದು ಮಸುಕಾದ ಸ್ಕ್ಯಾನ್ ಕಾಪಿ, ಎಕ್ಸೆಲ್‌ಗೆ ಹಾಕಿ ಹೋಲಿಸುವ ಹಾಗೂ ಇಲ್ಲ. ನಾನೂರಕ್ಕೂ ಜಾಸ್ತಿ ಎಂಟ್ರಿ. ನಾನು ಮೊದಲನೇ ಸಾಲಿನಿಂದ ಪೆನ್ಸಿಲ್ ಟಿಕ್ ಹಾಕುತ್ತಾ ಹೊರಟಿದ್ದೆ.

ಅವರು ಬಂದು ನೋಡಿ, “540ನ್ನ ಒಂಬತ್ತರಿಂದ ಭಾಗಿಸು” ಅಂದರು. ಶೇಷ ಇಲ್ಲದೆ 60 ಬಂತು. “ಯಾರೋ ಅಂಕಿ ಅದಲುಬದಲು ಹೊಡೆದಿದ್ದಾರೆ ಕಣಪ್ಪಾ.”

ಇದರ ಗುಟ್ಟು ಸರಳ. ಹತ್ತರ ಸ್ಥಾನದ ಅಂಕಿ ಒಂದರ ಸ್ಥಾನಕ್ಕೆ ಇಳಿದರೆ ಹತ್ತು ಪಾಲು ಇದ್ದದ್ದು ಒಂದು ಪಾಲಾಗುತ್ತದೆ. ಒಂಬತ್ತು ಪಾಲು ಹೋಯಿತು. ಪಕ್ಕದ ಅಂಕಿ ಮೇಲೆ ಹತ್ತಿದಾಗ ಅದು ಒಂಬತ್ತು ಪಾಲು ಗಳಿಸುತ್ತದೆ. ಹೋದದ್ದೂ ಬಂದದ್ದೂ ಒಂಬತ್ತರ ಲೆಕ್ಕದಲ್ಲೇ, ಹಾಗಾಗಿ ವ್ಯತ್ಯಾಸವೂ ಒಂಬತ್ತರ ಮಗ್ಗಿಯಲ್ಲೇ ಬೀಳುತ್ತದೆ. ಕೊನೆಯ ಸೊನ್ನೆ ಬಿಟ್ಟುಹೋದರೂ ಹೀಗೆಯೇ. 450 ಬದಲು 45 ಹೊಡೆದರೆ ವ್ಯತ್ಯಾಸ 405. ಅದನ್ನು ಒಂಬತ್ತರಿಂದ ಭಾಗಿಸಿದರೆ ತಪ್ಪಾಗಿ ಹೊಡೆದ 45 ಬಂದು ಎದುರಿಗೇ ನಿಲ್ಲುತ್ತದೆ. ಇದನ್ನು ಮೊದಲ ಸಲ ಕಂಡಾಗ ನನಗೆ ಬಹಳ ಖುಷಿಯಾಗಿತ್ತು.

ಅವರು ಅಲ್ಲಿಗೇ ಬಿಡಲಿಲ್ಲ. 540 ಅಂದರೆ 90ರ ಆರು ಪಟ್ಟು. 90 ಅಂದರೆ ಅದಲುಬದಲಾದದ್ದು ನೂರರ ಮತ್ತು ಹತ್ತರ ಸ್ಥಾನ. ಆರು ಅಂದರೆ ಆ ಎರಡು ಅಂಕಿಗಳ ಅಂತರ ಆರು. ನಮ್ಮಲ್ಲಿ ಕಡಿಮೆ ಬಂದಿದೆ, ಅಂದರೆ ಸಣ್ಣ ಅಂಕಿ ನೂರರ ಸ್ಥಾನಕ್ಕೆ ಬಂದಿದೆ. ಹಾಗಾಗಿ ನಮ್ಮ ಲೆಡ್ಜರಿನಲ್ಲಿ ಆ ಜಾಗದಲ್ಲಿ 06, 17, 28 ಅಥವಾ 39 ಇರುವ ಸಾಲು ಮಾತ್ರ ನೋಡಿದರೆ ಸಾಕು. ಅಂಥವು ಹದಿನೇಳು ಇದ್ದವು. ಒಂಬತ್ತನೆಯದರಲ್ಲಿ ಸಿಕ್ಕಿತು. ಬಿಲ್ 3,821, ನಮ್ಮಲ್ಲಿ 3,281. ಹೊಡೆದದ್ದು ನಾನೇ.

ಅಷ್ಟಾದ ಮೇಲೆ ನನಗೆ ಒಂಬತ್ತರ ಹುಚ್ಚು ಹಿಡಿಯಿತು. ಮುಂದಿನ ಸಲ 1,350 ವ್ಯತ್ಯಾಸ ಬಂತು. ಒಂಬತ್ತರಿಂದ ಭಾಗವಾಗುತ್ತದೆ. ಕೇಳಬೇಕೇ! ಮೂರು ಗಂಟೆ ಅಂಕಿಗಳ ಜೋಡಿ ಹುಡುಕಿದೆ. ಕೊನೆಗೆ ನೋಡಿದರೆ 1,350ರ ಒಂದು ಬಿಲ್ಲನ್ನು ಎಂಟ್ರಿಯೇ ಮಾಡಿರಲಿಲ್ಲ. ವೋಚರ್ ಫೈಲಿನ ಹಿಂದೆ ಬಿದ್ದಿತ್ತು. ಯಾವುದೇ ಸಂಖ್ಯೆ ತೆಗೆದುಕೊಂಡರೂ ಒಂಬತ್ತರಲ್ಲಿ ಒಂದು ಸಲ ಸುಮ್ನೆ ಭಾಗವಾಗುತ್ತದೆ, ಅದಕ್ಕೆ ಯಾವ ಕಾರಣವೂ ಬೇಕಿಲ್ಲ. ಈಗ ನಾನು ಮೊದಲು ವ್ಯತ್ಯಾಸದ ಮೊತ್ತವನ್ನೇ ಹುಡುಕುತ್ತೇನೆ. ಆಮೇಲೆ ಅದರ ಅರ್ಧ, ಯಾಕೆಂದರೆ ಡೆಬಿಟ್ ಆಗಬೇಕಾದದ್ದು ಕ್ರೆಡಿಟ್ ಆಗಿದ್ದರೆ ವ್ಯತ್ಯಾಸ ಎರಡರಷ್ಟು ಬರುತ್ತದೆ. ಒಂಬತ್ತು ಮೂರನೆಯದು.

ಇದಕ್ಕಿಂತ ದೊಡ್ಡ ಪಾಠ ಸಿಕ್ಕಿದ್ದು ತಾರೀಖುಗಳಿಂದ. ಇನ್ನೊಂದು ಶಾಖೆಯಿಂದ ಬಂದ ಎಕ್ಸೆಲ್ ಶೀಟಿನ ಬಿಲ್ ಪಟ್ಟಿಯನ್ನು ನಮ್ಮ ಫೈಲಿಗೆ ಕಾಪಿ ಮಾಡಿದೆ. ಎಲ್ಲಾ ತಾರೀಖೂ ನಾಲ್ಕು ವರ್ಷ ಹಿಂದಿನದು. ವರ್ಷ ತಪ್ಪು ಹೊಡೆದಿದ್ದಾರೆ ಅಂತ ತೀರ್ಮಾನಿಸಿ, ಫಾರ್ಮುಲಾ ಹಾಕಿ ನಾಲ್ಕು ವರ್ಷ ಸೇರಿಸಿದೆ. ಎರಡು ನಿಮಿಷದ ಕೆಲಸ. ಜಾಣತನ ಅಂದುಕೊಂಡೆ.

ತಿಂಗಳವಾರು ಮೊತ್ತ ಕೂಡಿಸಿದಾಗ ಯಾವ ತಿಂಗಳೂ ಹೊಂದಲಿಲ್ಲ. ಆದರೆ ವರ್ಷದ ಒಟ್ಟು ಮೊತ್ತ ಮಾತ್ರ ಹೆಚ್ಚೂಕಡಿಮೆ ಸರಿ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳು ನಾಲ್ಕು ಬಿಲ್ ಕಾಗದ ಹಿಡಿದು ಬಂದಳು. “ಸರ್, 1ನೇ ತಾರೀಖಿನ ಬಿಲ್ಲೆಲ್ಲ ಹಿಂದಿನ ತಿಂಗಳಿಗೆ ಹೋಗಿ ಕೂತಿದೆ. ಎಲ್ಲವೂ ಒಂದು ದಿನ ಹಿಂದೆ ಇದೆ.”

ನನಗೆ ಆ ಒಂದು ದಿನ ಮೊದಲೇ ಕಂಡಿತ್ತು. ಒಂದೆರಡು ಬಿಲ್ಲಿನಲ್ಲಿ ನೋಡಿದ್ದೆ. ಟೈಪ್ ಮಾಡಿದವರ ಅಜಾಗರೂಕತೆ ಅಂತ ಪಕ್ಕಕ್ಕೆ ಸರಿಸಿದ್ದೆ. ನಾಲ್ಕು ವರ್ಷ ಎಂಬ ನನ್ನ ಉತ್ತರ ಅಷ್ಟು ಚೆನ್ನಾಗಿ ಕೂತಿತ್ತಲ್ಲ.

ನಾನು ಫಾರ್ಮುಲಾ ಹಾಕುವ ಮೊದಲು ಇದ್ದ ಹಾಗೆ, ಅವಳು ಎರಡೂ ಫೈಲಿನ ತಾರೀಖನ್ನು ಬರೀ ಸಂಖ್ಯೆಯಾಗಿ ಮಾಡಿ ನೋಡಿದಳು. ಎಕ್ಸೆಲ್ ಒಳಗೊಳಗೆ ತಾರೀಖನ್ನು ದಿನಗಳ ಎಣಿಕೆಯಾಗಿಯೇ ಇಟ್ಟುಕೊಂಡಿರುತ್ತದೆ. ಎರಡೂ ಕಡೆ ಸಂಖ್ಯೆ ಒಂದೇ ಇತ್ತು! ಎಣಿಕೆ ಶುರುವಾಗುವ ಜಾಗ ಮಾತ್ರ ಬೇರೆ. ಸಾಮಾನ್ಯವಾಗಿ ಎಕ್ಸೆಲ್ 1900ರಿಂದ ಎಣಿಸುತ್ತದೆ. ಹಳೇ ಮ್ಯಾಕ್ ಎಕ್ಸೆಲ್‌ನ ಫೈಲುಗಳು 1904ರಿಂದ ಎಣಿಸುತ್ತವೆ. ಎರಡರ ನಡುವಿನ ಅಂತರ 1,462 ದಿನ, ಅಂದರೆ ನಾಲ್ಕು ವರ್ಷ ಮತ್ತು ಒಂದು ದಿನ. ಆ ಶಾಖೆಯವರು ಯಾವ ಕಾಲದ್ದೋ ಒಂದು ಫೈಲನ್ನು ವರ್ಷ ವರ್ಷ ನಕಲು ಮಾಡಿಕೊಂಡು ಬಂದಿದ್ದರು. ಯಾರೂ ಏನೂ ತಪ್ಪು ಹೊಡೆದಿರಲಿಲ್ಲ. (1900ರಿಂದ ಎಣಿಸುವ ಪದ್ಧತಿಯಲ್ಲಿ ಇನ್ನೊಂದು ತಮಾಷೆ ಇದೆ. 1900 ಅಧಿಕ ವರ್ಷ ಅಲ್ಲದಿದ್ದರೂ ಎಕ್ಸೆಲ್‌ನಲ್ಲಿ ಅದಕ್ಕೊಂದು ಫೆಬ್ರವರಿ 29 ಇದೆ. ಹಿಂದೆ ಇದ್ದ, ಎಕ್ಸೆಲ್‌ನಂಥದ್ದೇ ಲೋಟಸ್ 1-2-3 ಎಂಬ ಸಾಫ್ಟ್‌ವೇರ್‌ನ ತಪ್ಪಿಗೆ ಹೊಂದಿಕೊಳ್ಳಲು ಬೇಕೆಂದೇ ಹಾಗೆ ಬಿಟ್ಟದ್ದು.)

ನಾನು ಸಂಖ್ಯೆಗೆ ಏನು ಮಾಡಿದರೆ ಸರಿಹೋಗುತ್ತದೆ ಅಂತ ನೋಡಿದ್ದೆ. ಅದು ಇಲ್ಲಿಗೆ ಬಂದದ್ದು ಹೇಗೆ ಅಂತ ಅವಳು ನೋಡಿದಳು. ನಾನು ಪಕ್ಕಕ್ಕೆ ಸರಿಸಿದ್ದ ಒಂದು ದಿನವೇ ಅವಳಿಗೆ ದಾರಿ ತೋರಿಸಿತು. ಆಮೇಲಿಂದ ಯಾವ ನಮೂನೆ ಹೊಳೆದರೂ, ಅದನ್ನು ಊಹಿಸಲು ಬಳಸದ ನಾಲ್ಕೈದು ಸಾಲುಗಳ ಮೇಲೆ ಹಚ್ಚಿ ನೋಡಿಯೇ ಮುಂದೆ ಹೋಗುತ್ತೇನೆ. ಒಂದು ಸಾಲು ಹೊಂದದಿದ್ದರೂ ಅಲ್ಲೇ ನಿಲ್ಲುತ್ತೇನೆ. ಇದರಿಂದ ಕೆಲಸ ನಿಧಾನವಾಗುತ್ತದೆ, ತಿಂಗಳ ಕೊನೆಯಲ್ಲಿ ಬೈಸಿಕೊಂಡದ್ದೂ ಉಂಟು.

ಆ ಸಂಜೆ ಹೊರಡುವಾಗ ಅವಳು ನನ್ನ ಚೀಟಿಯ ಮುಂದೆ ಸ್ವಲ್ಪ ಹೊತ್ತು ನಿಂತಳು. ತುಟಿ ಅಲ್ಲಾಡುತ್ತಿತ್ತು.

“ಆರು, ಎಂಟು, ಎರಡು, ಏಳು, ಐದು… ಸರ್, ಇದು ಅ ಆ ಇ ಈ ಕ್ರಮ ಅಲ್ವಾ? ಒಂದು, ಒಂಬತ್ತು, ನಾಲ್ಕು, ಮೂರು, ಸೊನ್ನೆ.”

ಹೌದು ಅಂದೆ. ಮಾರನೇ ದಿನ ಬಂದು ನೋಡಿದರೆ, ಚೀಟಿಯಲ್ಲಿ 0 ಆದ ಮೇಲೆ ಒಂದು ಅಲ್ಪವಿರಾಮ ಹಾಕಿ ‘10’ ಅಂತ ಬರೆದು ಹೋಗಿದ್ದಳು.