ಕ್ರಾಸಿಂಗಿಗೆ ನಿಂತ ರೈಲಿನಲ್ಲಿ

ಮಂಡ್ಯದವರು ಎಂದರೆ ಗಟ್ಟಿ ಗಂಟಲಿನವರು ಎಂದು ಮೈಸೂರಿನವರು ನಂಬಿಕೊಂಡಿದ್ದಾರೆ. 2015ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಇತಿಹಾಸ ಎಂ.ಎ. ಓದಲು ಹೋದಾಗ ನನಗೆ ಮೊದಲು ಎದುರಾದದ್ದು ಈ ನಂಬಿಕೆಯೇ. ಪರಿಚಯದ ದಿನ ಒಬ್ಬೊಬ್ಬರೇ ಎದ್ದು ಹೆಸರು, ಊರು, ಜೀವನದ ಗುರಿ ಹೇಳಬೇಕಿತ್ತು. ನನ್ನ ಸರದಿ ಬಂದಾಗ ಹೆಸರಿನ ಜೊತೆ ‘ಮಂಡ್ಯ’ ಎಂದಷ್ಟೇ ಹೇಳಿ ಕುಳಿತುಬಿಟ್ಟೆ. ‘ಮಂಡ್ಯದವರಾ? ಧ್ವನಿಯೇ ಇಲ್ಲವಲ್ಲ!’ ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ತರಗತಿಯೆಲ್ಲ ನಕ್ಕಿತು. ಕೆಟ್ಟ ನಗುವೇನಲ್ಲ. ಆ ನಗುವಿನಲ್ಲಿ ನನ್ನ ಗುರಿ ಕೇಳುವುದನ್ನು ಎಲ್ಲರೂ ಮರೆತರು, ಅದೊಂದು ಲಾಭ.

ಸಂಕೋಚದವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ‘ನಾಲ್ಕು ಜನರ ಜೊತೆ ಬೆರೆಯಬೇಕು.’ ಈ ನಾಲ್ಕು ಜನರೇ ನನಗೆ ಕಷ್ಟ. ನಾಲ್ಕು ಸಾವಿರ ಜನರಿದ್ದರೆ ತೊಂದರೆಯಿಲ್ಲ. 2016ರ ಜನವರಿಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 103ನೇ ಅಧಿವೇಶನ ನಮ್ಮ ಗಂಗೋತ್ರಿಯಲ್ಲೇ ನಡೆಯಿತು. ಎಲ್ಲಿ ನೋಡಿದರೂ ಕೊರಳಿಗೆ ಬ್ಯಾಡ್ಜ್ ತೂಗಿಸಿಕೊಂಡ ಜನ. ಆ ಜಂಗುಳಿಯಲ್ಲಿ ನಾನು ಹಾಯಾಗಿ ಅಡ್ಡಾಡಿದೆ. ನನ್ನ ಹೆಸರು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

ದಿನವೂ ಮಂಡ್ಯದಿಂದ ಹೋಗಿಬರಲು ಬಸ್ಸು ಬಿಟ್ಟು ರೈಲನ್ನು ಆರಿಸಿಕೊಂಡದ್ದಕ್ಕೂ ಈ ಸ್ವಭಾವವೇ ಕಾರಣ. ಬಸ್ಸಿನಲ್ಲಿ ಟಿಕೆಟ್ ಕೇಳಬೇಕು, ಚಿಲ್ಲರೆಗಾಗಿ ಕಂಡಕ್ಟರಿನ ಬಾಯಿಗೆ ಬೀಳಬೇಕು. ರೈಲಿನ ತಿಂಗಳ ಪಾಸು ಬಾಯಿ ಬಿಡುವ ಅಗತ್ಯವನ್ನೇ ಇಡುವುದಿಲ್ಲ. ಮೈಸೂರಿನಲ್ಲಿ ಇಳಿದ ಮೇಲೆ ಮೆಟ್ರೊಪೋಲ್ ವೃತ್ತ, ಹುಣಸೂರು ರಸ್ತೆ, ಕಲಾಮಂದಿರ ದಾಟಿ ನಡೆದೇ ಹೋಗುತ್ತಿದ್ದೆ. ಆರೋಗ್ಯಕ್ಕೆ ಒಳ್ಳೆಯದೆಂದು ಅಮ್ಮನಿಗೆ ಹೇಳಿದ್ದೆ. ಸಿಟಿ ಬಸ್ಸಿನಲ್ಲಿ ‘ಗಂಗೋತ್ರಿ ಗೇಟಿನಲ್ಲಿ ಇಳಿಯಬೇಕು’ ಎಂದು ಕೂಗುವ ಪ್ರಮೇಯ ತಪ್ಪುತ್ತಿತ್ತು ಎಂಬುದು ಅಸಲು ಸಂಗತಿ.

ಆದರೆ ರೈಲು ನಾನು ಎಣಿಸಿದಷ್ಟು ಮೌನದ ಜಾಗವಾಗಿರಲಿಲ್ಲ. ಬೆಂಗಳೂರು–ಮೈಸೂರು ಜೋಡಿ ಹಳಿಯ ಕೆಲಸ ಆಗ ಶ್ರೀರಂಗಪಟ್ಟಣದ ಬಳಿ ತಡೆದು ನಿಂತಿತ್ತು. ಟಿಪ್ಪುವಿನ ಕಾಲದಲ್ಲಿ ಸಿಡಿಮದ್ದು ಕೂಡಿಡುತ್ತಿದ್ದ ಮದ್ದಿನಮನೆಯೊಂದು ಹಳಿಯ ದಾರಿಗೆ ಸರಿಯಾಗಿ ಅಡ್ಡವಾಗಿತ್ತು. ಹೀಗಾಗಿ ಎದುರಿನ ಗಾಡಿ ಬರುವ ತನಕ ನಮ್ಮ ಪ್ಯಾಸೆಂಜರ್ ಅಲ್ಲಿ ಕಾಯುತ್ತಿತ್ತು. ಹೆಂಗಸರ ಬೋಗಿಯಲ್ಲಿ ನರ್ಸುಗಳು, ಮೇಷ್ಟ್ರಮ್ಮಂದಿರು, ಮಾರುಕಟ್ಟೆಗೆ ಹೂವು ಒಯ್ಯುವವರು ತುಂಬಿರುತ್ತಿದ್ದರು. ದಿನವೂ ಅದೇ ಜಾಗ, ಅದೇ ಬೈಗುಳ: ‘ಆ ಮದ್ದಿನಮನೆಗೆ ಬೆಂಕಿ ಬೀಳ!’ ಮದ್ದಿನಮನೆಗೆ ಕೊಡುವ ಶಾಪವೇ ಇದು ಎಂದು ನನಗೆ ಒಳಗೊಳಗೇ ನಗು.

ಕಿಟಕಿಯ ಪಕ್ಕದ ಹೂವಿನಜ್ಜಿ ಒಂದು ದಿನ ಏನನ್ನೂ ಕೇಳದೆ ನನ್ನ ಮಡಿಲಿಗೆ ಕಾಕಡದ ಮೊಗ್ಗು ಸುರಿದು, ಒದ್ದೆ ಬಾಳೆನಾರನ್ನು ಕೈಗಿಟ್ಟಳು. ‘ಸುಮ್ಮನೆ ಕೂತಿದ್ದೀಯಲ್ಲವ್ವ, ಕಟ್ಟು.’ ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ತೊಟ್ಟಿಗೆ ತೊಟ್ಟು ಕೂಡಿಸಿ, ನಾರನ್ನು ಒಂದು ಸುತ್ತು ತಂದು ಕುಣಿಕೆಯೊಳಗೆ ಎಳೆಯಬೇಕು. ಬಿಗಿ ಹೆಚ್ಚಾದರೆ ತೊಟ್ಟು ಕತ್ತರಿಸುತ್ತದೆ, ಸಡಿಲವಾದರೆ ಮೊಗ್ಗು ಜಾರುತ್ತದೆ. ಕಣ್ಣು ಹೂವಿನ ಮೇಲಿರುವಾಗ ಅಜ್ಜಿ ಅದೂ ಇದೂ ಕೇಳಿದಳು: ಅಪ್ಪನಿಗೆ ಎಷ್ಟು ಜಮೀನು, ಕಬ್ಬಿನ ದುಡ್ಡು ಬಂತೇ, ಓದು ಮುಗಿದ ಮೇಲೆ ಏನು ಮಾಡುತ್ತೀಯೆ. ಎಲ್ಲಕ್ಕೂ ಉತ್ತರ ಕೊಟ್ಟೆ. ತರಗತಿಯಲ್ಲಿ ಹೇಳಲಾಗದೆ ಕುಳಿತಿದ್ದ ಗುರಿಯನ್ನೂ ಹೇಳಿಬಿಟ್ಟೆ. ಮುಖ ನೋಡಬೇಕಿಲ್ಲದಿದ್ದರೆ, ಕೈಗೊಂದು ಕೆಲಸವಿದ್ದರೆ ನನಗೆ ಮಾತು ಬರುತ್ತದೆ ಎಂಬುದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ.

ಎರಡನೇ ಸೆಮಿಸ್ಟರಿನ ಸೆಮಿನಾರಿಗೆ ನಾನು ಮದ್ದಿನಮನೆಯನ್ನೇ ಆರಿಸಿಕೊಂಡೆ. ಹಾಳೆ ನೋಡಿ ಓದಲು ಶುರುಮಾಡಿದ ಕೂಡಲೇ ಹಿಂದಿನಿಂದ ‘ಕೇಳಿಸುತ್ತಿಲ್ಲ’ ಎಂಬ ಕೂಗು ಬಂತು. ಮೇಷ್ಟ್ರು ಕತ್ತೆತ್ತಿದರು. ನಾನು ಹಾಳೆಯನ್ನು ಮೇಜಿನ ಮೇಲಿಟ್ಟು, ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಕಡೆ ತಿರುಗಿದೆ. ಮೊದಲು ಕಾವೇರಿಯ ಎರಡು ಕವಲು, ನಡುವೆ ದ್ವೀಪ, ಅದರ ಪಶ್ಚಿಮದ ತುದಿಯಲ್ಲಿ ಕೋಟೆ, ಕೋಟೆಯನ್ನು ಸೀಳಿಕೊಂಡು ಹೋಗುವ ಹಳಿ. ಬರೆಯುತ್ತಾ ಹೇಳಿದೆ, ಹೇಳುತ್ತಾ ಬರೆದೆ. ಇಟ್ಟಿಗೆ, ಗಾರೆಯ ಆ ಕಟ್ಟಡ ಅರ್ಧ ನೆಲದೊಳಗೆ ಹುದುಗಿರುವುದು, ಅಂಥವನ್ನು ಕೋಟೆಯೊಳಗೆ ಬೇರೆಬೇರೆ ಕಡೆ ಕಟ್ಟಿಸಿದ್ದು, ಈಗ ಅದನ್ನು ಒಡೆಯದೆ ಇಡಿಯಾಗಿ ಎತ್ತಿ ಸರಿಸುವ ಯೋಚನೆ ಇರುವುದು. ಬೋರ್ಡಿಗೆ ಮುಖ ಮಾಡಿದ್ದರಿಂದ ದನಿ ಎತ್ತರಿಸಲೇಬೇಕಾಯಿತು.

‘ಅಷ್ಟು ಭಾರದ ಕಟ್ಟಡವನ್ನು ಸರಿಸುವುದೆಂದರೇನು, ತಮಾಷೆಯೇ?’ ಎಂದು ಒಬ್ಬ ವಾದಕ್ಕಿಳಿದ. ಇನ್ನೊಬ್ಬಳು ‘ದಿನಾ ರೈಲಿನಲ್ಲಿ ಬರುವವರ ಗೋಳು ನಿನಗೇನು ಗೊತ್ತು?’ ಎಂದು ಅವನ ಮೇಲೆ ಏರಿಹೋದಳು. ಚರ್ಚೆ ಅವರವರಲ್ಲೇ ಕಾವೇರಿತು, ನಾನು ನೆಮ್ಮದಿಯಿಂದ ಕೋಟೆಯ ಬಾಗಿಲು ತಿದ್ದುತ್ತಾ ನಿಂತೆ. 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಮದ್ದಿನಮನೆಯನ್ನು ಜ್ಯಾಕ್‌ಗಳ ಮೇಲೆ ಎತ್ತಿ, ನೂರು ಮೀಟರಿಗೂ ಆಚೆ ಸರಿಸಿಯೇಬಿಟ್ಟರು. ವಾದಕ್ಕಿಳಿದಿದ್ದವನಿಗೆ ಪತ್ರಿಕೆಯ ತುಣುಕನ್ನು ತೋರಿಸಿದವಳು ನಾನೇ.

ಅಂದು ತರಗತಿ ಮುಗಿದ ಮೇಲೆ ಇಬ್ಬರು ಹುಡುಗಿಯರು ನಕ್ಷೆ ಬರೆದುಕೊಳ್ಳಲೆಂದು ನಿಂತರು. ಹಾಗೇ ಕ್ಯಾಂಟೀನಿಗೂ ಎಳೆದುಕೊಂಡು ಹೋದರು. ಒಬ್ಬಳು ನಂಜನಗೂಡಿನವಳು, ಒಬ್ಬಳು ಹುಣಸೂರಿನವಳು, ಇಬ್ಬರಿಗೂ ಒಂದೇ ಸಮನೆ ಮಾತು. ಕೇಳುವವಳೊಬ್ಬಳು ಅವರಿಗೂ ಬೇಕಿದ್ದಳೆಂದು ಕಾಣುತ್ತದೆ. ಕೋರ್ಸು ಮುಗಿಯುವವರೆಗೂ ಆ ಹುದ್ದೆ ನನಗೆ ಕಾಯಂ ಆಯಿತು, ಕಾಫಿಯ ದುಡ್ಡು ಮಾತ್ರ ಸರದಿಯ ಮೇಲೆ.