ಇಡ್ಲಿ ಮೊದಲು ತನ್ನಿ

ದಾವಣಗೆರೆಯವರು ಬೆಂಗಳೂರಿಗೆ ಹೋಗಿ ದೋಸೆ ತಿಂದು ಬಂದರು ಅಂದರೆ ನಮ್ಮ ಓಣಿಯಲ್ಲಿ ನಗುತ್ತಾರೆ. ನಗಲಿ. ನಾವು ಹೋಗಿದ್ದು ದೋಸೆಗಲ್ಲ. ದಸರಾ ರಜೆ, ಮಕ್ಕಳಿಗೆ ಲಾಲ್‌ಬಾಗ್, ಮ್ಯೂಸಿಯಂ, ಮೆಟ್ರೋ ತೋರಿಸೋಣ ಅಂತ ಹೊರಟಿದ್ದು. ಆದರೆ ಈಗ ಲೆಕ್ಕ ಹಾಕಿದರೆ ನಾಲ್ಕು ದಿನದಲ್ಲಿ ಅರ್ಧ ಹೊತ್ತು ಹೋಟೆಲುಗಳಲ್ಲೇ ಕಳೆದಿದ್ದೇವೆ. ಇನ್ನರ್ಧ, ಮುಂದಿನ ಊಟ ಎಲ್ಲಿ ಅನ್ನೋ ಚರ್ಚೆಯಲ್ಲಿ.

ತಂಡದಲ್ಲಿ ಐದು ಜನ. ನಾನು, ನಮ್ಮನೆಯವರು, ಅತ್ತೆ, ನಾಲ್ಕನೇ ಕ್ಲಾಸಿನ ಮಗಳು, ನಾಲ್ಕೂವರೆ ವರ್ಷದ ಮಗ. ಅತ್ತೆಗೆ ಬೆಳಗ್ಗೆ ಆರಕ್ಕೆ ಕಾಫಿ ಬೇಕು. ಮಗಳಿಗೆ ಖಾರ ಆಗಲ್ಲ, ಆದರೆ ಖಾರ ಆಗಲ್ಲ ಅಂತ ಯಾರ ಮುಂದೆಯೂ ಹೇಳಬಾರದು. ಮಗನಿಗೆ ಹಸಿವು ಹೇಳಿ ಬರುವುದಿಲ್ಲ. ಆಡುತ್ತಾ ಇರುತ್ತಾನೆ, ನಗುತ್ತಾ ಇರುತ್ತಾನೆ, ಇದ್ದಕ್ಕಿದ್ದಂತೆ ನೆಲದ ಮೇಲೆ ಕೂತು ಅಳಲು ಶುರು. ಅಲ್ಲಿಂದ ಹತ್ತು ನಿಮಿಷದೊಳಗೆ ಬಾಯಿಗೆ ಏನಾದರೂ ಬೀಳಬೇಕು. ಬೀಳದಿದ್ದರೆ ಆ ದಿನ ಮುಗಿಯಿತು.

ಬುಧವಾರ ರಾತ್ರಿ ರೈಲಿಳಿದು ಮೆಜೆಸ್ಟಿಕ್ ಹತ್ತಿರವೇ ರೂಮು ಮಾಡಿದೆವು. ಗುರುವಾರ ಬೆಳಗ್ಗೆ ಮೆಟ್ರೋ ಹಿಡಿದು ಲಾಲ್‌ಬಾಗ್. ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ, ಮಾರ್ಕೆಟ್, ನ್ಯಾಷನಲ್ ಕಾಲೇಜು ದಾಟಿದರೆ ಲಾಲ್‌ಬಾಗ್ ಸ್ಟೇಷನ್. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ ಈಗ 240 ಎಕರೆ. ಮಗಳು 1889ರ ಗಾಜಿನ ಮನೆಯನ್ನು ಒಂದು ಸುತ್ತು ನೋಡಿ ಮುಗಿಸಿದಳು. ಇಬ್ಬರಿಗೂ ಹಿಡಿಸಿದ್ದು ಕೆಂಪೇಗೌಡರ ಗೋಪುರ ಇರುವ ಬಂಡೆ. ಅದಕ್ಕೆ ಸುಮಾರು 300 ಕೋಟಿ ವರ್ಷ ಅಂತ ನಮ್ಮನೆಯವರು ಹೇಳಿದರು. "ಅಜ್ಜಿಗಿಂತಾನಾ?" ಅಂತ ಮಗ ಕೇಳಿದ. ಅತ್ತೆ ಅವನ ತಲೆಗೆ ಮೆಲ್ಲಗೆ ಒಂದು ಕೊಟ್ಟರು.

ಬಂಡೆ ಇಳಿಯುವಾಗಲೇ ಅವನ ಮುಖ ಸಪ್ಪಗಾಗಿದ್ದು ನೋಡಿ ನನ್ನ ಎದೆ ಹೊಡೆದುಕೊಳ್ಳಲು ಶುರುವಾಯಿತು. ಲಾಲ್‌ಬಾಗ್ ರಸ್ತೆಯ ಎಂಟಿಆರ್ ಅಲ್ಲಿಂದ ದೂರವಿಲ್ಲ. ಆದರೆ ಅದು ಎಂಟಿಆರ್. 1924ರಿಂದ ನಡೆದು ಬಂದ ಹೋಟೆಲು. ರಜೆ ದಿನ ಬೇರೆ. ಹೆಸರು ಬರೆಸಿ ಕಾಯಬೇಕು ಅಂತ ಗೊತ್ತಿತ್ತು. ಅದಕ್ಕೇ ನಮ್ಮನೆಯವರನ್ನು ಅರ್ಧ ಗಂಟೆ ಮೊದಲೇ ಅಲ್ಲಿಗೆ ಓಡಿಸಿದ್ದೆ. ಈ ಪ್ರವಾಸದಲ್ಲಿ ನಾನು ಮಾಡಿದ ಒಂದೇ ಜಾಣತನ ಅದು. ನಾವು ಹೋಗಿ ಸ್ವಲ್ಪ ಹೊತ್ತಿಗೆ ನಮ್ಮ ಹೆಸರು ಕೂಗಿದರು.

ಮೇಜಿಗೆ ಕೂತ ತಕ್ಷಣ ನಾವು ದೋಸೆಯೋ, ಬಿಸಿಬೇಳೆ ಬಾತೋ ಅಂತ ಯೋಚನೆ ಮಾಡುತ್ತಿದ್ದೆವು. ಅತ್ತೆ ಮಾತ್ರ ಸಪ್ಲೈಯರ್‌ನ ಕಡೆ ತಿರುಗಿ, "ಇವರದ್ದು ಆಮೇಲೆ ಕೇಳಪ್ಪಾ. ಈ ಹುಡುಗಂಗೆ ಇಡ್ಲಿ ಮೊದಲು ತಾ" ಅಂದರು.

ಐದು ನಿಮಿಷದಲ್ಲಿ ರವೆ ಇಡ್ಲಿ ಬಂತು, ಜೊತೆಗೆ ಪುಟ್ಟ ಬಟ್ಟಲಲ್ಲಿ ತುಪ್ಪ. ಮಗ ತುಪ್ಪದಲ್ಲಿ ಅದ್ದಿ ಅದ್ದಿ ತಿಂದ. ಅವನು ತಿನ್ನಲು ಶುರು ಮಾಡಿದ ಮೇಲೆ ನಾವು ಸುತ್ತ ನೋಡಿದೆವು. ರವೆ ಇಡ್ಲಿ ಹುಟ್ಟಿದ್ದೇ ಇಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ಅಕ್ಕಿ ಸಿಗದೆ ಹೋದಾಗ ರವೆಯಲ್ಲಿ ಮಾಡಿ ನೋಡಿದರಂತೆ. ಮಗಳಿಗೆ ಈ ಕಥೆ ಇಷ್ಟವಾಯಿತು. "ಹಂಗಾದ್ರೆ ರವೆನೂ ಸಿಗದೆ ಇದ್ದಿದ್ರೆ?" ಅಂದಳು. ಉತ್ತರ ನಮ್ಮಲ್ಲಿ ಇರಲಿಲ್ಲ. ಅಷ್ಟರಲ್ಲಿ ದೋಸೆ ಬಂತು.

ಅತ್ತೆ ಹೇಳಿದ ಮಾತಿನ ಹಿಂದೆ ಒಂದು ಲೆಕ್ಕ ಇದೆ. ಇಡ್ಲಿ ಹಬೆಯಲ್ಲಿ ತಯಾರಾಗಿ ಕೂತಿರುತ್ತೆ. ತೆಗೆದರೆ ಆಯಿತು. ದೋಸೆ ಹಾಗಲ್ಲ. ದೊಡ್ಡ ಕಾವಲಿ ಮೇಲೆ ಒಂದು ಸರ್ತಿಗೆ ಇಷ್ಟು ಅಂತ ಹಾಕುತ್ತಾರೆ. ನಿಮ್ಮ ಆರ್ಡರ್ ಹೋಗುವ ಹೊತ್ತಿಗೆ ಆ ಸುತ್ತು ಮುಗಿದಿದ್ದರೆ ಮುಂದಿನ ಸುತ್ತಿಗೆ ಕಾಯಬೇಕು. ದೊಡ್ಡವರಿಗೆ ಅದು ಹದಿನೈದು ನಿಮಿಷ. ನಾಲ್ಕೂವರೆ ವರ್ಷದವನಿಗೆ ಅದು ಒಂದು ಯುಗ. ಊರಲ್ಲಿ ದೋಸೆ ಹೋಟೆಲಿನ ಪಕ್ಕದಲ್ಲೇ ಬೆಳೆದ ನನಗೆ ಇದು ಹೊಳೆದಿರಲಿಲ್ಲ ನೋಡಿ.

ಸಂಜೆ ವಿವಿ ಪುರಂ ತಿಂಡಿ ಬೀದಿ. ಸಜ್ಜನರಾವ್ ಸರ್ಕಲ್ ಹತ್ತಿರ, ನ್ಯಾಷನಲ್ ಕಾಲೇಜು ಸ್ಟೇಷನ್ನಿಂದ ನಡೆದೇ ಹೋಗಬಹುದು. ಮಕ್ಕಳ ಜೊತೆ ತಿನ್ನಲು ಇದಕ್ಕಿಂತ ಒಳ್ಳೆ ಜಾಗ ನನಗೆ ಸಿಗಲಿಲ್ಲ. ಕಾರಣ ರುಚಿ ಅಲ್ಲ. ಇಲ್ಲಿ ಯಾರೂ ಕೂರಬೇಕಾಗಿಲ್ಲ. ಮಗ ನಡೆಯುತ್ತಾನೆ, ನಿಲ್ಲುತ್ತಾನೆ, ಕೆಳಗೆ ಚೆಲ್ಲುತ್ತಾನೆ, ಯಾರೂ ದುರುಗುಟ್ಟಿ ನೋಡುವುದಿಲ್ಲ. ಕಣ್ಣೆದುರೇ ಹೋಳಿಗೆ ತಟ್ಟಿ ಬೇಯಿಸುತ್ತಾರೆ. ಅದನ್ನು ನೋಡುತ್ತಾ ನಿಂತರೆ ಕಾಯುವುದೂ ಒಂದು ಆಟ. ಬೇಕಾದ್ದನ್ನು ಬೆರಳು ತೋರಿಸಿ ಕೇಳಬಹುದು. ಬೇಡ ಅನಿಸಿದರೆ ಅಪ್ಪನ ಕೈಗೆ ಕೊಟ್ಟು ಮುಂದಿನ ಅಂಗಡಿಗೆ ಹೋಗಬಹುದು. ನಮ್ಮನೆಯವರು ಆ ಸಂಜೆ ಅರ್ಧ ಪಡ್ಡು, ಅರ್ಧ ಅಕ್ಕಿ ರೊಟ್ಟಿ, ಎರಡು ಅರ್ಧ ಹೋಳಿಗೆ ತಿಂದರು. ಪೂರ್ತಿ ಅನ್ನೋದು ಯಾವುದೂ ಇಲ್ಲ.

ಒಂದೇ ಎಚ್ಚರಿಕೆ. ಜನ ಜಾಸ್ತಿ ಆದ ಮೇಲೆ ಬಿಸಿ ಎಣ್ಣೆ ಬಾಣಲೆಗಳ ನಡುವೆ ಚಿಕ್ಕವರನ್ನು ಕರೆದುಕೊಂಡು ಹೋಗುವುದು ಕಷ್ಟ. ಕತ್ತಲಾಗುವ ಮೊದಲೇ ಹೋಗಿ, ಗದ್ದಲ ಏರುವಷ್ಟರಲ್ಲಿ ಹೊರಬಿದ್ದರೆ ಒಳ್ಳೆಯದು.

ಅಲ್ಲೇ ವಿಬಿ ಬೇಕರಿಯಲ್ಲಿ, 1953ರ ಅಂಗಡಿ ಅದು, ಕಾಂಗ್ರೆಸ್ ಕಡ್ಲೆಕಾಯಿ ತಗೊಂಡೆವು. ಮಗಳಿಗೆ ಖಾರ ಹತ್ತಿ ಕಣ್ಣಲ್ಲಿ ನೀರು ಬಂತು. "ಚೆನ್ನಾಗಿದೆ" ಅಂದಳು. ಆಚೆ ಒಂದು ಗಾಡಿಯ ಹತ್ತಿರ ಮಗ "ಮಂಡಕ್ಕಿ" ಅಂತ ಕೇಳಿದ. ಅಂಗಡಿಯವನಿಗೆ ಗೊತ್ತಾಗಲಿಲ್ಲ. ಮಗ ಬೆರಳು ತೋರಿಸಿದ. "ಓ, ಪುರಿನಾ ಪುಟ್ಟ?" ಅಂದ ಅವನು. ಮಗ ನನ್ನ ಕಡೆ ತಿರುಗಿ, ಪೂರಿ ಅಂದರೆ ಉಬ್ಬಿರೋದು ಅಲ್ವಾ ಅನ್ನುವಂತೆ ನೋಡಿದ. ಒಂದೇ ಭಾಷೆ, ಇನ್ನೂರರವತ್ತು ಕಿಲೋಮೀಟರಿಗೆ ಮಂಡಕ್ಕಿ ಕಡ್ಲೆಪುರಿ ಆಗಿಬಿಟ್ಟಿರುತ್ತೆ.

ಶುಕ್ರವಾರ ಬೆಳಗ್ಗೆ ಆಟೋ ಹತ್ತಿ "ಗಾಂಧಿ ಬಜಾರ್, ವಿದ್ಯಾರ್ಥಿ ಭವನ" ಅಂದೆವು. ಆಟೋದವರು ಕನ್ನಡಿಯಲ್ಲಿ ನಮ್ಮನ್ನು ನೋಡಿದರು. "ಶುಕ್ರವಾರ ರಜಾ ಅಲ್ವಾ ಸಾರ್ ಅದು" ಅಂದರು. ನಾವು ಮುಖ ಮುಖ ನೋಡಿಕೊಂಡೆವು. "ಮಕ್ಕಳಿದಾರೆ, ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಬಿಡ್ತೀನಿ ಬನ್ನಿ" ಅಂತ ಅವರೇ ತೀರ್ಮಾನ ಮಾಡಿ ಶಂಕರಪುರಕ್ಕೆ ತಿರುಗಿಸಿದರು.

ಅಲ್ಲಿ ಮೆನು ನೋಡಿ ತಲೆ ಕೆಡಿಸಿಕೊಳ್ಳುವ ಹಾಗಿಲ್ಲ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಸಾಂಬಾರ್ ಇಲ್ಲ, ಚಟ್ನಿ ಮಾತ್ರ. ಮಕ್ಕಳಿದ್ದವರಿಗೆ ಇದೊಂದು ವರ. ಮೂವತ್ತು ಬಗೆಯ ತಿಂಡಿ ಓದಿ ಹೇಳಿ, ಮೂವತ್ತಕ್ಕೂ "ಬೇಡ" ಕೇಳುವ ಕೆಲಸ ಇಲ್ಲ. ಹೊರಗೆ ನಿಂತುಕೊಂಡೇ ತಿಂದೆವು. ಅತ್ತೆಗೆ ಮಾತ್ರ ಕೂರಲು ಒಂದು ಕಟ್ಟೆ ಸಿಕ್ಕಿತು. ಮಗಳು ಚಟ್ನಿಗೆ ಮತ್ತೆ ಮತ್ತೆ ಹೋದಳು. ಮಗ ಕೇಸರಿಬಾತಿನ ದ್ರಾಕ್ಷಿ ಆರಿಸಿಕೊಂಡು ಉಳಿದದ್ದನ್ನು ಅಜ್ಜಿಗೆ ಕೊಟ್ಟ. ಆಮೇಲೆ ನಾನೂ ನಮ್ಮನೆಯವರೂ ಬೈಟು ಕಾಫಿ ಕುಡಿದೆವು. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ಕೊಡುವ ಈ ಪದ್ಧತಿಯನ್ನು ಊಟಕ್ಕೂ ತಂದಿದ್ದರೆ ಅಪ್ಪ ಅಮ್ಮಂದಿರು ಎಷ್ಟು ಎಂಜಲು ತಿನ್ನೋದು ತಪ್ಪುತ್ತಿತ್ತು.

ಅಲ್ಲಿಂದ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ರೈಟ್ ಸೋದರರ ವಿಮಾನದ ಮಾದರಿ ಮುಂದೆ ಮಗಳು, ಡೈನೋಸಾರ್ ಮುಂದೆ ಮಗ. ಇಬ್ಬರನ್ನೂ ಎಳೆದು ಹೊರಗೆ ತರುವಷ್ಟರಲ್ಲಿ ಒಂದೂವರೆ. ತಪ್ಪು ನಮ್ಮದೇ, ಹನ್ನೆರಡೂವರೆಗೇ ಹೊರಡಬೇಕಿತ್ತು. ನಮ್ಮನೆಯವರು "ಒಂದು ಹೊತ್ತಾದ್ರೂ ತಣ್ಣಗೆ ಕೂತು ತಿನ್ನೋಣ" ಅಂದರು. ಒಂದು ದೊಡ್ಡ ಎಸಿ ರೆಸ್ಟೋರೆಂಟಿಗೆ ಹೋದೆವು. ಹೆಸರು ಬೇಡ.

ಎತ್ತರದ ಕುರ್ಚಿ ಕೊಟ್ಟರು. ಬಣ್ಣದ ಪೆನ್ಸಿಲ್ ಕೊಟ್ಟರು. ಮಕ್ಕಳಿಗೇ ಅಂತ ಬೇರೆ ಮೆನು ಕೊಟ್ಟರು. ಊಟ ಮಾತ್ರ ಕೊಡಲಿಲ್ಲ. ಐವತ್ತು ನಿಮಿಷ. ಮಗ ಮೊದಲು ಬಣ್ಣ ಹಚ್ಚಿದ. ಆಮೇಲೆ ಪೆನ್ಸಿಲ್ ಕಚ್ಚಿದ. ಆಮೇಲೆ ಟೊಮೆಟೊ ಸಾಸ್ ಪೊಟ್ಟಣ ಹರಿದು ನೆಕ್ಕಿದ. ಆಮೇಲೆ ಅತ್ತು ಅತ್ತು ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದ. ಅವನು ನಿದ್ದೆ ಹೋದ ಎರಡನೇ ನಿಮಿಷಕ್ಕೆ ಅವನ ಪಾಸ್ತಾ ಬಂತು. "ಖಾರ ಬೇಡ" ಅಂತ ಎರಡು ಸರ್ತಿ ಹೇಳಿದ್ದ ಮಗಳ ಫ್ರೈಡ್ ರೈಸ್ ತುಂಬಾ ಹಸಿಮೆಣಸಿನಕಾಯಿ. ಕರೆದು ಕೇಳಿದರೆ, "ಅದನ್ನ ತೆಗೆದು ತಿನ್ನಬಹುದು ಮೇಡಂ" ಅಂದರು. ಅತ್ತೆ ಇಡೀ ಹೊತ್ತು ಒಂದು ಮಾತೂ ಆಡಲಿಲ್ಲ. ಬಿಲ್ ಬಂದಾಗ ಕನ್ನಡಕ ಹಾಕಿಕೊಂಡು ಓದಿದರು. ಓದಿ, ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟರು. ಅಷ್ಟೇ.

ಆ ಸಂಜೆ ಯಾರೂ ಚರ್ಚೆ ಮಾಡಲಿಲ್ಲ. ರೂಮಿನ ಹತ್ತಿರದ ದರ್ಶಿನಿಗೆ ಹೋದೆವು. ಕೌಂಟರಿನಲ್ಲಿ ದುಡ್ಡು ಕೊಟ್ಟು ಚೀಟಿ ತಗೊಂಡು, ಚೀಟಿ ಕೊಟ್ಟು ತಟ್ಟೆ ತಗೊಂಡೆವು. ಮಗನಿಗೆ ಇಡ್ಲಿ, ಮಗಳಿಗೆ ಮೊಸರನ್ನ. ಮೂರು ನಿಮಿಷ. ದರ್ಶಿನಿಯ ತೊಂದರೆ ಎರಡು. ನಿಂತು ತಿನ್ನುವ ಮೇಜು ಮಕ್ಕಳ ತಲೆಗಿಂತ ಎತ್ತರ, ಹಾಗಾಗಿ ಒಬ್ಬರು ಎತ್ತಿಕೊಳ್ಳಬೇಕು, ಇನ್ನೊಬ್ಬರು ತಿನ್ನಿಸಬೇಕು. ಕೈ ತೊಳೆಯಲು ನಲ್ಲಿ ಇರುತ್ತೆ, ಟಾಯ್ಲೆಟ್ ಎಷ್ಟೋ ಕಡೆ ಇರುವುದಿಲ್ಲ. ನಾವು ಮೆಟ್ರೋ ಸ್ಟೇಷನ್ನಿನಲ್ಲೇ ಆ ಕೆಲಸ ಮುಗಿಸಿಕೊಂಡು ಬರುವುದನ್ನು ರೂಢಿ ಮಾಡಿಕೊಂಡೆವು. ಮೆಟ್ರೋದಲ್ಲಿ ತಿನ್ನಲು ಮಾತ್ರ ಬಿಡುವುದಿಲ್ಲ. ಮಗನ ಕೈಯ ಬನ್ನು ಎಷ್ಟು ಸಲ ಚೀಲ ಸೇರಿತೋ.

ಮಧ್ಯಾಹ್ನದ ಪಾಪ ಕಳೆಯಲು ನಮ್ಮನೆಯವರು ಕಾರ್ನರ್ ಹೌಸ್‌ಗೆ ಕರೆದುಕೊಂಡು ಹೋದರು. ಇಲ್ಲಿ ಎಲ್ಲರೂ ತಿನ್ನುವುದು ಡೆತ್ ಬೈ ಚಾಕೊಲೇಟ್. "ಅಂದ್ರೆ ಏನೇ ತಂಗಿ?" ಅಂತ ಅತ್ತೆ ಕೇಳಿದರು. ಮಗಳು, "ಚಾಕೊಲೇಟ್ ತಿಂದು ಸಾಯೋದು ಅಜ್ಜಿ" ಅಂದಳು. "ಥೂ, ಹೊತ್ತು ಮುಳುಗಿದ ಮೇಲೆ ಎಂಥಾ ಮಾತು ಆಡ್ತೀಯೇ" ಅಂತ ಗದರಿದರು. ಐಸ್‌ಕ್ರೀಮ್ ಬಂದ ಮೇಲೆ ಕೇಕಿನ ಮೇಲಿದ್ದ ಬಿಸಿ ಚಾಕೊಲೇಟನ್ನು ಚಮಚದಲ್ಲಿ ಕೆರೆದು ಕೆರೆದು ತಿಂದವರು ಅವರೇ.

ಶನಿವಾರ ಬೆಳಗ್ಗೆ ಬೇಗ ಎದ್ದು ವಿದ್ಯಾರ್ಥಿ ಭವನ. 1943ರಲ್ಲಿ ಸುತ್ತಲಿನ ಶಾಲೆಯ ಹುಡುಗರಿಗೆ ಅಂತ ಶುರುವಾದದ್ದು, ಹೆಸರು ಹಾಗೇ ಉಳಿದಿದೆ. ಬೇಗ ಹೋದರೂ ಜನ ನಿಂತಿದ್ದರು. ಒಳಗೆ ಹೋಗಿ ಕೂತ ಮೇಲೂ ದೋಸೆಗೆ ಹೊತ್ತಾಗುತ್ತೆ ಅಂತ ನಾನು ಚೀಲದಿಂದ ಬಿಸ್ಕತ್ತು ತೆಗೆದೆ. ಬೇಕಾಗಲಿಲ್ಲ. ಅಡುಗೆಮನೆಯಿಂದ ಸಪ್ಲೈಯರ್ ಹೊರಗೆ ಬಂದರು. ಮಗ ಬಾಯಿ ತೆರೆದವನು ಮುಚ್ಚಲಿಲ್ಲ.

ಅವರ ಎಡಗೈ ಮೇಲೆ, ಮುಂಗೈಯಿಂದ ಹೆಗಲವರೆಗೆ, ತಟ್ಟೆ ಮೇಲೆ ತಟ್ಟೆ. ಪ್ರತಿ ತಟ್ಟೆಯಲ್ಲೂ ಮಸಾಲೆ ದೋಸೆ. ಇಕ್ಕಟ್ಟಿನ ಕುರ್ಚಿಗಳ ನಡುವೆ ಅವರು ತೇಲಿಕೊಂಡು ಬಂದರು. ಮಗ ಎಣಿಸಲು ಶುರು ಮಾಡಿದ. ಒಂಬತ್ತಕ್ಕೆ ತಪ್ಪಿತು. ಅವರು ಮತ್ತೆ ಒಳಗೆ ಹೋಗಿ ಬಂದಾಗ ಮತ್ತೆ ಎಣಿಸಿದ. ಹನ್ನೊಂದಕ್ಕೆ ತಪ್ಪಿತು. ಮೂರನೇ ಸರ್ತಿ ಅವರು ನಮ್ಮ ಮೇಜಿನ ಹತ್ತಿರ ಒಂದು ಕ್ಷಣ ನಿಂತು, "ಎಷ್ಟಾಯ್ತು ಮರಿ?" ಅಂದರು. "ನೀವು ಅಲ್ಲಾಡಬೇಡಿ" ಅಂದ ಮಗ. ಪಕ್ಕದ ಮೇಜಿನವರೂ ನಕ್ಕರು. ಮಗಳು ಗೋಡೆ ಮೇಲಿನ ಚಿತ್ರಗಳಲ್ಲಿ ತನ್ನ ಪಾಠದಲ್ಲಿ ಬರುವ ಕವಿಗಳನ್ನು ಹುಡುಕುತ್ತಿದ್ದಳು. ಬಣ್ಣದ ಪೆನ್ಸಿಲ್ ಯಾರಿಗೂ ಬೇಕಾಗಲಿಲ್ಲ.

ದೋಸೆ ಹೇಗಿತ್ತು? ಕಂದು ಬಣ್ಣ, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ನಮ್ಮೂರ ಬೆಣ್ಣೆ ದೋಸೆ ಬೆಳ್ಳಗೆ ಇರುತ್ತೆ, ಪಲ್ಯ ಪಕ್ಕದಲ್ಲಿ ಬರುತ್ತೆ. ಎರಡನ್ನೂ ಹೋಲಿಸಬಾರದು ಅಂತ ನಾನು ಮಕ್ಕಳಿಗೆ ಮೊದಲೇ ಹೇಳಿದ್ದೆ. ಮಗಳು ಕೊನೆ ತುತ್ತಿನವರೆಗೆ ತಡೆದುಕೊಂಡಳು. ಆಮೇಲೆ ನನ್ನ ಕಿವಿಯಲ್ಲಿ, "ಬೆಣ್ಣೆ ನಮ್ಮೂರಲ್ಲೇ ಜಾಸ್ತಿ" ಅಂದಳು. ಭಾನುವಾರ ಮಲ್ಲೇಶ್ವರದ ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ ತಿಂದ ಮೇಲೆ ಮಾತ್ರ ಸ್ವಲ್ಪ ಯೋಚನೆ ಮಾಡಿದಳು. "ಇದು ಪರವಾಗಿಲ್ಲ." ನಮ್ಮೂರಿನ ಹುಡುಗಿಯ ಬಾಯಿಂದ ಬಂದ ಆ ಪರವಾಗಿಲ್ಲಕ್ಕೆ ಎಷ್ಟು ಬೆಲೆ ಅಂತ ಅಲ್ಲಿನವರಿಗೆ ಗೊತ್ತಾಗಬೇಕಿತ್ತು.

ಭಾನುವಾರ ಮಧ್ಯಾಹ್ನ ರೈಲು ಹತ್ತಿದೆವು. ತುಮಕೂರು ದಾಟುವ ಹೊತ್ತಿಗೆ ಮಗ ಬೇಕರಿಯಿಂದ ತಂದ ಪೇಪರ್ ತಟ್ಟೆಗಳನ್ನೆಲ್ಲ ತೆಗೆದು ಎಡಗೈ ಮೇಲೆ ಜೋಡಿಸಿಕೊಂಡ. ರೈಲು ಅಲ್ಲಾಡಿದಂತೆಲ್ಲ ಎರಡು ಬೀಳುತ್ತಿತ್ತು, ಎತ್ತಿ ಮತ್ತೆ ಇಡುತ್ತಿದ್ದ. ಮೊದಲು ಅಜ್ಜಿ ಹತ್ತಿರ ಬಂದ.

"ಏನ್ ಬೇಕು ಅಜ್ಜಿ?"

"ಇಡ್ಲಿ ಮೊದಲು ತಾ."

"ಇಡ್ಲಿ ಮುಗೀತು."

"ಹಂಗಾರೆ ಖಾಲಿ ದೋಸೆ ಐತೇನಪ್ಪಾ?"

ಅವನು ತನ್ನ ಕೈಮೇಲಿನ ತಟ್ಟೆಗಳನ್ನು ಒಂದು ಸಲ ನೋಡಿಕೊಂಡ.

"ದೋಸೆನೂ ಖಾಲಿ."